ಲ್ಯಾಕ್ ಜೀನ್ ಆನ್ ಆಗುವುದನ್ನು ಅಳೆಯುವುದು ಹೇಗೆ: ಇ. ಕೋಲೈ ಪ್ರಯೋಗದ ಸಮಗ್ರ ಮಾರ್ಗದರ್ಶಿ

ಜೀವಕೋಶವೊಂದು ತನ್ನ ಡಿಎನ್‌ಎಯ ಯಾವ ಭಾಗವನ್ನು ಯಾವಾಗ ಆರ್‌ಎನ್‌ಎ ಆಗಿ ನಕಲು ಮಾಡಬೇಕೆಂದು ಹೇಗೆ ನಿರ್ಧರಿಸುತ್ತದೆ? ಈ ಪ್ರಶ್ನೆಯನ್ನು ಸ್ವಂತ ಕೈಯಿಂದ ಕೆದಕಿ ನೋಡಲು ಇ. ಕೋಲೈ ಬ್ಯಾಕ್ಟೀರಿಯಾದ ಲ್ಯಾಕ್ ಆಪೆರಾನ್‌ಗಿಂತ (ಒಟ್ಟಿಗೆ ಆನ್-ಆಫ್ ಆಗುವ ಜೀನ್‌ಗಳ ಗುಂಪು) ಅಗ್ಗದ, ಸುಲಭದ ವ್ಯವಸ್ಥೆ ನನಗಂತೂ ಗೊತ್ತಿಲ್ಲ. ಒಂದು ಇನ್ಕ್ಯುಬೇಟರ್ ಶೇಕರ್, ಒಂದು ವಾಟರ್ ಬಾತ್, ಒಂದು ಸ್ಪೆಕ್ಟ್ರೋಫೋಟೋಮೀಟರ್ ಇರುವ ಎಂಎಸ್ಸಿ ಲ್ಯಾಬ್ ಸಾಕು. ಜೀನ್ ಆನ್ ಆದದ್ದನ್ನು ತೋರಿಸುವ ಹಳದಿ ಬಣ್ಣ ಬರಿಸುವುದು ಇಲ್ಲಿ ಕಷ್ಟವೇ ಅಲ್ಲ. ಆ ಹಳದಿ ಬಣ್ಣ ನೋಡಿ "ನಿಯಂತ್ರಣ ನಡೆಯುತ್ತಿರುವುದು ಟ್ರಾನ್ಸ್‌ಕ್ರಿಪ್ಷನ್ (ಡಿಎನ್‌ಎಯಿಂದ ಆರ್‌ಎನ್‌ಎ ನಕಲಾಗುವ) ಮಟ್ಟದಲ್ಲೇ" ಎಂದು ಧೈರ್ಯವಾಗಿ ಹೇಳುವುದು ಕಷ್ಟ. ಈ ಮಾರ್ಗದರ್ಶಿಯ ಬಹುಪಾಲು ಆ ಎರಡನೆಯದರ ಬಗ್ಗೆ.

## ಕೈ ಹಾಕುವ ಮುನ್ನ: ವ್ಯವಸ್ಥೆಯ ಪರಿಚಯ

ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೋ 1961ರಲ್ಲಿ ಪ್ರಕಟಿಸಿದ ಮಾದರಿ ಇದು. 1965ರಲ್ಲಿ ಆಂದ್ರೆ ಲ್ವಾಫ್ ಜೊತೆ ಇಬ್ಬರಿಗೂ ನೊಬೆಲ್ ಬಂತು. ಮೂರು ಜೀನ್‌ಗಳು ಒಂದರ ಹಿಂದೊಂದು ಸಾಲಾಗಿವೆ: ಲ್ಯಾಕ್-ಝಡ್, ಲ್ಯಾಕ್-ವೈ, ಲ್ಯಾಕ್-ಎ. ಮೂರಕ್ಕೂ ಒಂದೇ ಪ್ರಮೋಟರ್ (ನಕಲು ಶುರುವಾಗುವ ತಾಣ), ಮೂರೂ ಸೇರಿ ಒಂದೇ ಒಂದು ಉದ್ದನೆಯ ಎಂಆರ್‌ಎನ್‌ಎ. ಲ್ಯಾಕ್-ಝಡ್‌ನಿಂದ ಬರುವುದು ಬೀಟಾ-ಗ್ಯಾಲಕ್ಟೋಸಿಡೇಸ್ ಕಿಣ್ವ. ನಾವು ಅಳೆಯುವುದು ಇದನ್ನೇ. ಲ್ಯಾಕ್-ವೈ ಕೊಡುವುದು ಲ್ಯಾಕ್ಟೋಸನ್ನು ಜೀವಕೋಶದೊಳಕ್ಕೆ ಸಾಗಿಸುವ ಪರ್ಮಿಯೇಸ್.

ಪಕ್ಕದಲ್ಲೇ ಇರುವ ಲ್ಯಾಕ್-ಐ ಜೀನ್ ರಿಪ್ರೆಸರ್ ಪ್ರೊಟೀನನ್ನು ಮಾಡುತ್ತದೆ. ನಾಲ್ಕು ಉಪಘಟಕಗಳ ಈ ಪ್ರೊಟೀನ್ ಆಪರೇಟರ್ ಎಂಬ ಡಿಎನ್‌ಎ ತುಣುಕಿಗೆ ಅಂಟಿಕೊಂಡು, ಆರ್‌ಎನ್‌ಎ ನಕಲು ಮಾಡುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸ್‌ಗೆ ಅಡ್ಡ ಕೂರುತ್ತದೆ. ಒಂದು ಜೀವಕೋಶದಲ್ಲಿ ಇಂಥವು ಹತ್ತರ ಆಸುಪಾಸಿನಲ್ಲಿ ಇದ್ದರೆ ಹೆಚ್ಚು. ಅಷ್ಟು ಕಡಿಮೆ ಇರುವುದನ್ನು ಹಿಡಿದು ಶುದ್ಧೀಕರಿಸುವುದು ದೊಡ್ಡ ಸಾಹಸವಾಗಿತ್ತು. ಹಾರ್ವರ್ಡ್‌ನಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೋ ಮ್ಯುಲ್ಲರ್-ಹಿಲ್ ಅದನ್ನು 1966ರಲ್ಲಿ ಸಾಧಿಸಿದರು. ರಿಪ್ರೆಸರನ್ನು ಡಿಎನ್‌ಎಯಿಂದ ಕಳಚುವ ನಿಜವಾದ ಇಂಡ್ಯೂಸರ್ ಲ್ಯಾಕ್ಟೋಸ್ ಅಲ್ಲ, ಅದರಿಂದ ಬೀಟಾ-ಗ್ಯಾಲಕ್ಟೋಸಿಡೇಸೇ ತಯಾರಿಸುವ ಅಲೋಲ್ಯಾಕ್ಟೋಸ್. ಅಂದರೆ ಸ್ವಿಚ್ ಆಫ್ ಇದ್ದಾಗಲೂ ಒಂದಿಷ್ಟು ಕಿಣ್ವ ಸೋರಿಕೆಯಾಗುತ್ತಿರಲೇಬೇಕು, ಇಲ್ಲದಿದ್ದರೆ ಲ್ಯಾಕ್ಟೋಸ್ ಬಂದದ್ದು ಜೀವಕೋಶಕ್ಕೆ ತಿಳಿಯುವುದೇ ಇಲ್ಲ. ಆ ಸೋರಿಕೆಯನ್ನೂ ನೀವು ಅಳೆಯಲಿದ್ದೀರಿ.

ಇನ್ನೊಂದು ಕೈ ಗ್ಲೂಕೋಸಿನದು. ಲ್ಯಾಕ್ ಪ್ರಮೋಟರ್ ಸ್ವತಃ ದುರ್ಬಲ. ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಸಂಕೇತ ಅಣುವನ್ನು ಹೊತ್ತ ಸಿಆರ್‌ಪಿ ಪ್ರೊಟೀನ್ ಪಕ್ಕದಲ್ಲಿ ಕೂತು ಕೈ ಹಿಡಿದರೆ ಮಾತ್ರ ಪಾಲಿಮರೇಸ್ ಅಲ್ಲಿ ಚೆನ್ನಾಗಿ ಕೆಲಸ ಶುರು ಮಾಡುತ್ತದೆ. ಗ್ಲೂಕೋಸ್ ಇದ್ದಾಗ ಸೈಕ್ಲಿಕ್ ಎಎಂಪಿ ಇಳಿಯುತ್ತದೆ. ಜೊತೆಗೆ ಗ್ಲೂಕೋಸ್ ಸಾಗಣೆಯ ಒಂದು ಪ್ರೊಟೀನ್ ಹೋಗಿ ಲ್ಯಾಕ್-ವೈ ಪರ್ಮಿಯೇಸನ್ನೇ ತಡೆಯುತ್ತದೆ, ಇಂಡ್ಯೂಸರ್ ಒಳಗೆ ಬರುವ ದಾರಿಯೇ ಮುಚ್ಚುತ್ತದೆ. ಪಠ್ಯಪುಸ್ತಕಗಳು ಸೈಕ್ಲಿಕ್ ಎಎಂಪಿ ಕಥೆಯನ್ನಷ್ಟೇ ಹೇಳಿ ಎರಡನೆಯದನ್ನು ನುಂಗಿಬಿಡುತ್ತವೆ. ಲ್ಯಾಕ್ಟೋಸ್ ಬಳಸಿ ಪ್ರಯೋಗ ಮಾಡಿದರೆ ಈ ಎರಡೂ ಕಾರಣಗಳು ಕಲಸಿಹೋಗುತ್ತವೆ. ಅದಕ್ಕೇ ನಾವು ಬಳಸುವುದು ಐಪಿಟಿಜಿ ಎಂಬ ಕೃತಕ ಇಂಡ್ಯೂಸರ್: ಬ್ಯಾಕ್ಟೀರಿಯಾ ಅದನ್ನು ಅರಗಿಸಿಕೊಳ್ಳುವುದಿಲ್ಲ, ಪ್ರಮಾಣ ಕೊನೆಯವರೆಗೂ ಹಾಗೇ ಉಳಿಯುತ್ತದೆ, ಹೆಚ್ಚು ಹಾಕಿದರೆ ಪರ್ಮಿಯೇಸ್ ಇಲ್ಲದೆಯೂ ಒಳಗೆ ಸೇರುತ್ತದೆ.

## ತಳಿಯ ಆಯ್ಕೆ: ಅರ್ಧ ಪ್ರಯೋಗ ಇಲ್ಲೇ ಕೆಡುತ್ತದೆ

ಫ್ರೀಜರ್‌ನಲ್ಲಿ ಯಾವ ಇ. ಕೋಲೈ ಇದೆಯೋ ಅದನ್ನು ಎತ್ತಿಕೊಳ್ಳಬೇಡಿ. ಕ್ಲೋನಿಂಗ್‌ಗೆ ಎಲ್ಲರೂ ಇಟ್ಟುಕೊಳ್ಳುವ ಡಿಎಚ್5-ಆಲ್ಫಾದಲ್ಲಿ ಪೂರ್ತಿ ಲ್ಯಾಕ್-ಝಡ್ ಇರುವುದಿಲ್ಲ. ನೀಲಿ-ಬಿಳಿ ಸ್ಕ್ರೀನಿಂಗ್‌ಗೆಂದೇ ಅದನ್ನು ಹಾಗೆ ಮಾಡಿರುವುದು. ನಮಗೆ ಬೇಕಾದದ್ದು ಕೆ-12 ಮೂಲದ, ಲ್ಯಾಕ್ ಆಪೆರಾನ್ ಅಖಂಡವಾಗಿರುವ ಎಂಜಿ1655. ರೋಗಕಾರಕವಲ್ಲದ, ಜೈವಿಕ ಸುರಕ್ಷತೆಯ ಮೊದಲ ಹಂತದಲ್ಲೇ ಬಳಸಬಹುದಾದ ತಳಿ ಇದು. ಭಾರತದಲ್ಲಿ ಚಂಡೀಗಢದ ಎಂಟಿಸಿಸಿ ಮತ್ತು ಪುಣೆಯ ಎನ್‌ಸಿಐಎಂ ಸೂಕ್ಷ್ಮಜೀವಿ ಸಂಗ್ರಹಗಳು. ಅಲ್ಲಿಗೆ ಬರೆಯುವ ಮುನ್ನ ಪಕ್ಕದ ಯಾವುದಾದರೂ ಬ್ಯಾಕ್ಟೀರಿಯಲ್ ಜೆನೆಟಿಕ್ಸ್ ಲ್ಯಾಬಿನಲ್ಲಿ ಕೇಳಿ ನೋಡಿ, ಬಹುತೇಕ ಸಿಕ್ಕೇ ಸಿಗುತ್ತದೆ.

ಕೀಯೋ ಸಂಗ್ರಹದ ಬಗ್ಗೆ ಒಂದು ಎಚ್ಚರಿಕೆ. ಜಪಾನಿನ ಕೀಯೋ ವಿಶ್ವವಿದ್ಯಾಲಯದಿಂದ 2006ರಲ್ಲಿ ಬಂದ ಈ ಸಂಗ್ರಹದಲ್ಲಿ ಇ. ಕೋಲೈಯ ಹೆಚ್ಚುಕಡಿಮೆ ಪ್ರತಿಯೊಂದು ಅನವಶ್ಯಕ ಜೀನನ್ನೂ ಒಂದೊಂದಾಗಿ ತೆಗೆದ ತಳಿಗಳಿವೆ. ಸಿಆರ್‌ಪಿ ಇಲ್ಲದ ತಳಿ ತರಿಸಿ ಬೀಟಾ-ಗ್ಯಾಲಕ್ಟೋಸಿಡೇಸ್ ಅಳೆದರೆ ಸೊನ್ನೆ ಬರುತ್ತದೆ. ಆಹಾ, ಸಿಆರ್‌ಪಿ ಇಷ್ಟು ಮುಖ್ಯವೇ ಎಂದು ಬೀಗಬೇಡಿ. ಆ ಸಂಗ್ರಹದ ಮೂಲ ತಳಿಯಾದ ಬಿಡಬ್ಲ್ಯು25113ರಲ್ಲೇ ಲ್ಯಾಕ್-ಝಡ್ ಅಳಿಸಿಹೋಗಿದೆ. ಸಿಆರ್‌ಪಿ ಅಳಿಕೆಯನ್ನು ಪಿ1 ಫೇಜ್ (ಬ್ಯಾಕ್ಟೀರಿಯಾಗಳ ನಡುವೆ ಡಿಎನ್‌ಎ ಸಾಗಿಸಬಲ್ಲ ವೈರಸ್) ಮೂಲಕ ಎಂಜಿ1655ಕ್ಕೆ ಸಾಗಿಸಿದ ಮೇಲೆಯೇ ಅಳೆಯಬೇಕು. ಹಾಗೆಂದು ಬಿಡಬ್ಲ್ಯು25113 ನಿಷ್ಪ್ರಯೋಜಕವಲ್ಲ, ನಮ್ಮ ಪ್ರಯೋಗಕ್ಕೆ ಅದು ಹೇಳಿ ಮಾಡಿಸಿದ ನೆಗೆಟಿವ್ ಕಂಟ್ರೋಲ್.

ಮೂರನೆಯ ತಳಿಯಾಗಿ ರಿಪ್ರೆಸರ್ ಕೆಟ್ಟಿರುವ ಲ್ಯಾಕ್-ಐ ರೂಪಾಂತರಿ ಬೇಕು. ಕೇಳಿ ತರಿಸಬಹುದು, ನೀವೇ ಹಿಡಿಯಲೂಬಹುದು. ಎರಡನೆಯದು ಹೆಚ್ಚು ಖುಷಿ ಕೊಡುವ ಕೆಲಸ. ಫಿನೈಲ್-ಗ್ಯಾಲಕ್ಟೋಸೈಡ್ ಎಂಬ ಸಕ್ಕರೆಯನ್ನು ಬೀಟಾ-ಗ್ಯಾಲಕ್ಟೋಸಿಡೇಸ್ ಒಡೆಯಬಲ್ಲದು, ಆದರೆ ಅದು ರಿಪ್ರೆಸರನ್ನು ಕಳಚುವುದಿಲ್ಲ. ಅದೊಂದೇ ಆಹಾರವಾಗಿರುವ ಕನಿಷ್ಠ ಮಾಧ್ಯಮದ ಪ್ಲೇಟಿನ ಮೇಲೆ ಸುಮಾರು ಹತ್ತು ಕೋಟಿ ಎಂಜಿ1655 ಜೀವಕೋಶಗಳನ್ನು ಹರಡಿದರೆ ಸಾಮಾನ್ಯ ಕೋಶಗಳು ಹಸಿದು ಕೂರುತ್ತವೆ. ಕಿಣ್ವವನ್ನು ಸದಾ ಮಾಡುತ್ತಿರುವ ರೂಪಾಂತರಿಗಳು ಮಾತ್ರ ಕಾಲೊನಿ ಕಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವು ಲ್ಯಾಕ್-ಐ ಕೆಟ್ಟವು, ಕೆಲವು ಆಪರೇಟರ್ ಕೆಟ್ಟವು. ಎರಡನ್ನೂ ಬೇರ್ಪಡಿಸಲು ಆ ಭಾಗವನ್ನು ಪಿಸಿಆರ್ ಮಾಡಿ ಸೀಕ್ವೆನ್ಸಿಂಗ್‌ಗೆ ಕಳಿಸಿ. ಜಾಕೋಬ್ ಮತ್ತು ಮೊನೋ ಕಾಲದಲ್ಲಿ ಈ ಸೌಲಭ್ಯವಿರಲಿಲ್ಲ. ಅವರು ಇನ್ನೊಂದು ಲ್ಯಾಕ್ ಆಪೆರಾನನ್ನು ಎಫ್ ಅಂಶ ಎಂಬ, ಕೋಶದಿಂದ ಕೋಶಕ್ಕೆ ಸಾಗಬಲ್ಲ ಡಿಎನ್‌ಎ ಉಂಗುರದ ಮೇಲೆ ಒಳಗೆ ತಂದು, ಒಳ್ಳೆಯ ಲ್ಯಾಕ್-ಐ ಬಂದಾಗ ನಿಯಂತ್ರಣ ಮರಳಿದರೆ ಕೆಟ್ಟದ್ದು ರಿಪ್ರೆಸರ್, ಮರಳದಿದ್ದರೆ ಕೆಟ್ಟದ್ದು ಆಪರೇಟರ್ ಎಂದು ತರ್ಕಿಸಿದರು. ಪ್ರೊಟೀನ್ ಜೀವಕೋಶದಲ್ಲೆಲ್ಲಾ ಓಡಾಡಬಲ್ಲದು, ಡಿಎನ್‌ಎ ತುಣುಕು ತಾನಿರುವ ಎಳೆಯನ್ನಷ್ಟೇ ನಿಯಂತ್ರಿಸಬಲ್ಲದು ಎಂಬ ಆ ತರ್ಕ ಇಂದಿಗೂ ಈ ಕ್ಷೇತ್ರದ ಅಡಿಪಾಯ.

## ದ್ರಾವಣಗಳು

ಝಡ್-ಬಫರ್, ಒಂದು ಲೀಟರಿಗೆ: ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 0.06 ಮೋಲ್, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.04 ಮೋಲ್, ಪೊಟ್ಯಾಸಿಯಂ ಕ್ಲೋರೈಡ್ 0.01 ಮೋಲ್, ಮೆಗ್ನೀಸಿಯಂ ಸಲ್ಫೇಟ್ 0.001 ಮೋಲ್, ಪಿಎಚ್ 7.0. ಗ್ರಾಂ ಬದಲು ಮೋಲ್ ಕೊಟ್ಟಿರುವುದಕ್ಕೆ ಕಾರಣವಿದೆ. ಫಾಸ್ಫೇಟ್ ಲವಣಗಳ ಡಬ್ಬಿಗಳು ಬೇರೆ ಬೇರೆ ಪ್ರಮಾಣದ ಸ್ಫಟಿಕ ನೀರಿನೊಂದಿಗೆ ಬರುತ್ತವೆ. ಡೈಸೋಡಿಯಂ ಲವಣ ನೀರಿಲ್ಲದ್ದಾದರೆ ಲೀಟರಿಗೆ 8.5 ಗ್ರಾಂ, ಏಳು ನೀರಿನದಾದರೆ 16.1 ಗ್ರಾಂ. ಲೇಬಲ್ ಮೇಲಿನ ಅಣುತೂಕ ನೋಡಿ ನೀವೇ ಗುಣಿಸಿಕೊಳ್ಳಿ. ಬೀಟಾ-ಮರ್ಕ್ಯಾಪ್ಟೋಈಥನಾಲನ್ನು ಅವತ್ತಿನ ಅಗತ್ಯಕ್ಕೆ ತಕ್ಕಷ್ಟು ಬಫರಿಗೆ ಮಾತ್ರ, 100 ಮಿ.ಲೀ.ಗೆ 0.27 ಮಿ.ಲೀ. ಲೆಕ್ಕದಲ್ಲಿ, ಫ್ಯೂಮ್ ಹುಡ್ ಒಳಗೆ ಸೇರಿಸಿ. ಹೊರಗೆ ತೆರೆದರೆ ಇಡೀ ಕಾರಿಡಾರಿಗೆ ಸುದ್ದಿ ಮುಟ್ಟುತ್ತದೆ.

ಓಎನ್‌ಪಿಜಿ (ಬೀಟಾ-ಗ್ಯಾಲಕ್ಟೋಸಿಡೇಸ್ ಒಡೆದಾಗ ಹಳದಿ ಬಣ್ಣ ಕೊಡುವ ಪದಾರ್ಥ): 0.1 ಮೋಲಾರ್ ಫಾಸ್ಫೇಟ್ ಬಫರಿನಲ್ಲಿ ಮಿ.ಲೀ.ಗೆ 4 ಮಿ.ಗ್ರಾಂ. ಕರಗಲು ಹೊತ್ತು ಹಿಡಿಯುತ್ತದೆ, ಬೆಳಕು ತಾಗದಂತೆ ಫಾಯಿಲ್ ಸುತ್ತಿ ತಿರುಗಿಸುತ್ತಿರಿ. ದ್ರಾವಣ ತಾನಾಗಿ ಹಳದಿ ತಿರುಗಿದ್ದರೆ ಚೆಲ್ಲಿ ಹೊಸದು ಮಾಡಿ.

ಪ್ರತಿಕ್ರಿಯೆ ನಿಲ್ಲಿಸಲು 1 ಮೋಲಾರ್ ಸೋಡಿಯಂ ಕಾರ್ಬೊನೇಟ್ (100 ಮಿ.ಲೀ.ಗೆ ನೀರಿಲ್ಲದ್ದು 10.6 ಗ್ರಾಂ). ಐಪಿಟಿಜಿ ಸ್ಟಾಕ್ 100 ಮಿಲಿಮೋಲಾರ್, ಅಂದರೆ ಮಿ.ಲೀ.ಗೆ 23.8 ಮಿ.ಗ್ರಾಂ, ಫಿಲ್ಟರ್ ಮಾಡಿ ಮೈನಸ್ 20ರಲ್ಲಿಡಿ. ಇವಲ್ಲದೆ ಕ್ಲೋರೋಫಾರಂ ಮತ್ತು 0.1 ಶೇಕಡ ಎಸ್‌ಡಿಎಸ್.

ಮಾಧ್ಯಮ ಎಂ9 ಎಂಬ ಕನಿಷ್ಠ ಮಾಧ್ಯಮ. ಒಂದಕ್ಕೆ 0.4 ಶೇಕಡ ಗ್ಲಿಸರಾಲ್, ಇನ್ನೊಂದಕ್ಕೆ 0.4 ಶೇಕಡ ಗ್ಲೂಕೋಸ್. ಎರಡಕ್ಕೂ 0.1 ಶೇಕಡ ಕ್ಯಾಸಮಿನೋ ಆಮ್ಲ ಸೇರಿಸಿದರೆ ಬೆಳವಣಿಗೆ ಚುರುಕಾಗುತ್ತದೆ. ಎಲ್‌ಬಿ ಮಾಧ್ಯಮ ಬೇಡ. ಅದರ ಸಂಯೋಜನೆ ನಮ್ಮ ಹಿಡಿತದಲ್ಲಿಲ್ಲ, ಬ್ಯಾಕ್ಟೀರಿಯಾ ಬೆಳೆದಂತೆ ಅದು ಬದಲಾಗುತ್ತಲೂ ಇರುತ್ತದೆ.

## ಹಂತ 1: ಕಲ್ಚರ್ ಬೆಳೆಸುವುದು

ಒಂದೇ ಕಾಲೊನಿಯಿಂದ ಶುರು ಮಾಡಿ, ಮರುದಿನದ ಪ್ರಯೋಗದಲ್ಲಿ ಬಳಸುವ ಅದೇ ಮಾಧ್ಯಮದಲ್ಲಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಬೆಳೆಸಿ. ಐಪಿಟಿಜಿ ಇರಬೇಕಾದ ಫ್ಲಾಸ್ಕಿಗೆ ರಾತ್ರಿಯ ಕಲ್ಚರಿನಿಂದಲೇ 1 ಮಿಲಿಮೋಲಾರ್ ಐಪಿಟಿಜಿ ಹಾಕಿ. ಇದು ಹಲವರಿಗೆ ವಿಚಿತ್ರವೆನಿಸಬಹುದು. ಬೀಟಾ-ಗ್ಯಾಲಕ್ಟೋಸಿಡೇಸ್ ಗಟ್ಟಿ ಪ್ರೊಟೀನ್, ಜೀವಕೋಶದೊಳಗೆ ಸುಲಭವಾಗಿ ಕೊಳೆಯುವುದಿಲ್ಲ. ಕೋಶಗಳು ವಿಭಜನೆಯಾದಾಗ ಹಂಚಿಹೋಗುವುದೊಂದೇ ಅದು ಕಡಿಮೆಯಾಗುವ ದಾರಿ. ಹಾಗಾಗಿ ಐಪಿಟಿಜಿ ಹಾಕಿದ ಮೇಲೆ ಕಲ್ಚರ್ ಒಂದು ಸಲ ದುಪ್ಪಟ್ಟಾಗುವ ಹೊತ್ತಿಗೆ ಕಿಣ್ವ ತನ್ನ ಅಂತಿಮ ಮಟ್ಟದ ಅರ್ಧಕ್ಕಷ್ಟೇ ಬಂದಿರುತ್ತದೆ. ಐದು ಸಲ ದುಪ್ಪಟ್ಟಾದಾಗ 97 ಶೇಕಡ. ಗ್ಲಿಸರಾಲ್‌ನಲ್ಲಿ ನಿಧಾನವಾಗಿ, ಗ್ಲೂಕೋಸ್‌ನಲ್ಲಿ ಬೇಗ ಬೆಳೆಯುವ ಎರಡು ಕಲ್ಚರ್‌ಗಳಿಗೆ ಒಂದೇ ಗಂಟೆ ಐಪಿಟಿಜಿ ಕೊಟ್ಟು ಹೋಲಿಸಿದರೆ ನೀವು ಅಳೆದದ್ದು ಪ್ರಮೋಟರನ್ನೋ ಬೆಳವಣಿಗೆಯ ವೇಗವನ್ನೋ ಹೇಳಲಾಗದು.

ಬೆಳಿಗ್ಗೆ ಹೊಸ ಮಾಧ್ಯಮಕ್ಕೆ ನೂರರಲ್ಲಿ ಒಂದರಂತೆ ತೆಳು ಮಾಡಿ ಐದು ಫ್ಲಾಸ್ಕ್ ಹೂಡಿ:

- ಎಂಜಿ1655, ಗ್ಲಿಸರಾಲ್
- ಎಂಜಿ1655, ಗ್ಲಿಸರಾಲ್ ಮತ್ತು ಐಪಿಟಿಜಿ
- ಎಂಜಿ1655, ಗ್ಲೂಕೋಸ್ ಮತ್ತು ಐಪಿಟಿಜಿ
- ಲ್ಯಾಕ್-ಐ ರೂಪಾಂತರಿ, ಗ್ಲಿಸರಾಲ್, ಐಪಿಟಿಜಿ ಇಲ್ಲದೆ
- ಬಿಡಬ್ಲ್ಯು25113, ಗ್ಲಿಸರಾಲ್ ಮತ್ತು ಐಪಿಟಿಜಿ

ಸೈಕ್ಲಿಕ್ ಎಎಂಪಿ ಸಿಕ್ಕರೆ ಆರನೆಯದೂ ಇರಲಿ: ಗ್ಲೂಕೋಸ್, ಐಪಿಟಿಜಿ ಜೊತೆಗೆ 5 ಮಿಲಿಮೋಲಾರ್ ಸೈಕ್ಲಿಕ್ ಎಎಂಪಿ. ಗ್ಲೂಕೋಸಿನಿಂದ ಇಳಿದದ್ದು ಇದರಿಂದ ಮತ್ತೆ ಏರಿದರೆ, ಇಳಿತದ ಒಂದು ಪಾಲಾದರೂ ಸೈಕ್ಲಿಕ್ ಎಎಂಪಿ ಕೊರತೆಯದ್ದು ಎಂದಾಯಿತು. 1968ರಲ್ಲಿ ಪರ್ಲ್‌ಮನ್ ಮತ್ತು ಪಾಸ್ತಾನ್ ತೋರಿಸಿದ ಸಂಗತಿ ಇದೇ.

600 ನ್ಯಾನೋಮೀಟರಿನಲ್ಲಿ ಕಲ್ಚರಿನ ಓಡಿ (ಅದರ ಮಬ್ಬಿನ ಅಳತೆ) 0.28ರಿಂದ 0.70ರ ನಡುವೆ ಬಂದಾಗ ಫ್ಲಾಸ್ಕನ್ನು ಮಂಜುಗಡ್ಡೆಯ ಮೇಲಿಡಿ. ಇಪ್ಪತ್ತು ನಿಮಿಷ ತಣಿದರೆ ಬೆಳವಣಿಗೆ ನಿಲ್ಲುತ್ತದೆ. ಓಡಿಯನ್ನು ಆಗಲೇ ಬರೆದಿಟ್ಟುಕೊಳ್ಳಿ. ಪ್ರಯೋಗದುದ್ದಕ್ಕೂ ಒಂದೇ ಸ್ಪೆಕ್ಟ್ರೋಫೋಟೋಮೀಟರ್ ಬಳಸಿ: ಬ್ಯಾಕ್ಟೀರಿಯಾದ ಓಡಿ ಎಂದರೆ ಬೆಳಕು ಹೀರಿದ್ದಲ್ಲ, ಚದುರಿದ್ದು, ಆದ್ದರಿಂದ ಯಂತ್ರದಿಂದ ಯಂತ್ರಕ್ಕೆ ಅಂಕಿ ಬೇರೆಯಾಗುತ್ತದೆ.

## ಹಂತ 2: ಹಳದಿ ಬಣ್ಣ

ಗಾಜಿನ ಟ್ಯೂಬಿನಲ್ಲಿ ಕಲ್ಚರ್ ಮತ್ತು ಝಡ್-ಬಫರ್ ಒಟ್ಟು 1 ಮಿ.ಲೀ. ಆಗುವಂತೆ ಹಾಕಿ. ಕಿಣ್ವ ಹೆಚ್ಚಿರುವ ಕಲ್ಚರಿಂದ 0.1 ಮಿ.ಲೀ., ಕಡಿಮೆ ಇರುವುದರಿಂದ 0.5 ಮಿ.ಲೀ. ಕಲ್ಚರ್ ಬದಲು ಬರೀ ಮಾಧ್ಯಮ ಹಾಕಿದ ಬ್ಲ್ಯಾಂಕ್ ಟ್ಯೂಬ್ ಒಂದಿರಲಿ. ಎರಡು ಹನಿ ಕ್ಲೋರೋಫಾರಂ, ಒಂದು ಹನಿ ಎಸ್‌ಡಿಎಸ್ ಹಾಕಿ ಹತ್ತು ಸೆಕೆಂಡ್ ವೋರ್ಟೆಕ್ಸ್ ಮಾಡಿ. ಜೀವಕೋಶದ ಪೊರೆ ತೂತಾಗಿ ಓಎನ್‌ಪಿಜಿ ಒಳಗೆ ಹೋಗಲು ದಾರಿಯಾಗುತ್ತದೆ. ಇದನ್ನು ಬಿಟ್ಟರೆ ಪರ್ಮಿಯೇಸ್ ಎಷ್ಟಿದೆ ಎಂಬುದೂ ನಿಮ್ಮ ಅಂಕಿಯೊಳಗೆ ಸೇರಿಕೊಳ್ಳುತ್ತದೆ.

ಟ್ಯೂಬುಗಳನ್ನು 28 ಡಿಗ್ರಿ ವಾಟರ್ ಬಾತಿನಲ್ಲಿ ಐದು ನಿಮಿಷ ಇಡಿ. ನಂತರ 0.2 ಮಿ.ಲೀ. ಓಎನ್‌ಪಿಜಿ ಹಾಕಿ ಗಡಿಯಾರ ಒತ್ತಿ. ಟ್ಯೂಬಿನಿಂದ ಟ್ಯೂಬಿಗೆ ಹದಿನೈದು ಸೆಕೆಂಡಿನ ಅಂತರ ಇಟ್ಟುಕೊಂಡರೆ ನಿಲ್ಲಿಸುವಾಗ ಗೊಂದಲವಿರುವುದಿಲ್ಲ. ಬಣ್ಣ ನಿಚ್ಚಳವಾಗಿ ಹಳದಿಯಾದಾಗ 0.5 ಮಿ.ಲೀ. ಸೋಡಿಯಂ ಕಾರ್ಬೊನೇಟ್ ಹಾಕಿ, ಆ ಕ್ಷಣದ ಸಮಯ ಬರೆಯಿರಿ. ಕಾರ್ಬೊನೇಟ್ ಬಿದ್ದೊಡನೆ ಹಳದಿ ಇನ್ನಷ್ಟು ಗಾಢವಾಗುತ್ತದೆ. ಪಿಎಚ್ ಸುಮಾರು 11ಕ್ಕೆ ಏರಿ ಕಿಣ್ವ ನಿಲ್ಲುತ್ತದೆ, ಜೊತೆಗೆ ಅರೆಬಣ್ಣದಲ್ಲಿದ್ದ ಆರ್ಥೋ-ನೈಟ್ರೋಫೀನಾಲ್ ಎಲ್ಲವೂ ಹಳದಿ ರೂಪಕ್ಕೆ ತಿರುಗುತ್ತದೆ. ಹಾಗಾಗಿ ನಿಲ್ಲಿಸುವ ಮುಂಚಿನ ಬಣ್ಣವನ್ನು ಕಣ್ಣಳತೆಯಲ್ಲಿ ನೋಡುವಾಗ ಸ್ವಲ್ಪ ತಿಳಿಯಾಗಿರುವಾಗಲೇ ನಿಲ್ಲಿಸಿ. 420 ನ್ಯಾನೋಮೀಟರಿನಲ್ಲಿ 0.6ರಿಂದ 0.9ರೊಳಗೆ ಬಂದರೆ ಸರಿಯಾಯಿತು. ಮೀರಿದರೆ ಕಡಿಮೆ ಕಲ್ಚರ್ ಹಾಕಿ ಮತ್ತೆ ಮಾಡಿ.

ಟ್ಯೂಬಿನ ತಳದಲ್ಲಿ ಕ್ಲೋರೋಫಾರಂ ಹನಿ ಕೂತಿರುತ್ತದೆ. ಮೇಲಿನ ಭಾಗವನ್ನಷ್ಟೇ ಎಳೆದುಕೊಳ್ಳಿ. ಪಾಲಿಸ್ಟೈರೀನಿನ ಬಿಸಾಡುವ ಕ್ಯುವೆಟ್‌ಗೆ ಕ್ಲೋರೋಫಾರಂ ತಾಗಿದರೆ ಗೋಡೆ ಮಂಜುಮಂಜಾಗಿ ಓದು ಕೆಡುತ್ತದೆ. ಬಳಸಿದ ಟ್ಯೂಬುಗಳನ್ನು ಆಟೋಕ್ಲೇವಿಗೂ ಹಾಕಬೇಡಿ, ಸಿಂಕಿಗೂ ಸುರಿಯಬೇಡಿ. ಹ್ಯಾಲೊಜನ್ ದ್ರಾವಕದ ಕ್ಯಾನಿಗೆ ಹೋಗಬೇಕು.

## ಹಂತ 3: ಲೆಕ್ಕ

420 ಮತ್ತು 550 ನ್ಯಾನೋಮೀಟರ್ ಎರಡರಲ್ಲೂ ಓದಿ. 1972ರಲ್ಲಿ ಜೆಫ್ರಿ ಮಿಲ್ಲರ್ ಕೊಟ್ಟ ಸೂತ್ರ:

ಮಿಲ್ಲರ್ ಯೂನಿಟ್ = 1000 × (ಎ420 − 1.75 × ಎ550) ÷ (ನಿಮಿಷ × ಕಲ್ಚರ್ ಮಿ.ಲೀ. × ಓಡಿ600)

420ರಲ್ಲಿ ಹಳದಿ ಬಣ್ಣದ ಜೊತೆಗೆ ಜೀವಕೋಶದ ಚೂರುಗಳು ಚದುರಿಸಿದ ಬೆಳಕೂ ಸೇರಿರುತ್ತದೆ. 550ರಲ್ಲಿ ಹಳದಿ ಕಾಣುವುದಿಲ್ಲ, ಚದುರಿಕೆ ಮಾತ್ರ. ಇ. ಕೋಲೈಗೆ 420ರ ಚದುರಿಕೆ 550ರದ್ದರ 1.75 ಪಟ್ಟು ಎಂಬುದರಿಂದ ಆ ಗುಣಕ.

ಐಪಿಟಿಜಿ ಟ್ಯೂಬಿನ ಒಂದು ಮಾದರಿ ಲೆಕ್ಕ: ಎ420 0.720, ಎ550 0.030, ಸಮಯ 12 ನಿಮಿಷ, 0.1 ಮಿ.ಲೀ., ಓಡಿ 0.50. ಮೇಲಿನದು 0.720 − 0.0525 = 0.6675, ಸಾವಿರದಿಂದ ಗುಣಿಸಿ 0.6ರಿಂದ ಭಾಗಿಸಿದರೆ ಸುಮಾರು 1112 ಯೂನಿಟ್. ಪೂರ್ತಿ ಆನ್ ಆದ ಲ್ಯಾಕ್ ಆಪೆರಾನ್ ಸಾವಿರದ ಆಸುಪಾಸಿನಲ್ಲಿರುತ್ತದೆ, ಹಾಗಾಗಿ ಇದು ನಂಬಬಹುದಾದ ಅಂಕಿ.

ಈಗ ಐಪಿಟಿಜಿ ಇಲ್ಲದ್ದು: ಎ420 0.075, ಎ550 0.030, ಎರಡು ಗಂಟೆ ಕಾದು 120 ನಿಮಿಷ, 0.5 ಮಿ.ಲೀ., ಓಡಿ 0.48. ಉತ್ತರ 0.78 ಯೂನಿಟ್. ನೋಡಲು ಚೆನ್ನಾಗಿದೆ. ಆದರೆ ಎ550 0.030ರ ಬದಲು 0.040 ಎಂದು ಬಂದಿದ್ದರೆ? ಕಳೆಯಬೇಕಾದದ್ದು 0.0525 ಇದ್ದದ್ದು 0.070 ಆಗಿ, ಉತ್ತರ 0.17ಕ್ಕೆ ಕುಸಿಯುತ್ತದೆ. ಕ್ಯುವೆಟ್ ಮೇಲಿನ ಒಂದು ಬೆರಳಚ್ಚು ಸಾಕು, ನಿಮ್ಮ ಇಂಡಕ್ಷನ್ ಪ್ರಮಾಣ ಸಾವಿರದ ನಾನೂರು ಪಟ್ಟಿನಿಂದ ಆರೂವರೆ ಸಾವಿರ ಪಟ್ಟಿಗೆ ಹಾರಲು. ಲ್ಯಾಕ್ ಆಪೆರಾನ್ "ಎಷ್ಟು ಪಟ್ಟು" ಆನ್ ಆಗುತ್ತದೆ ಎಂಬ ಬಗ್ಗೆ ವಿದ್ಯಾರ್ಥಿ ವರದಿಗಳಲ್ಲಿ ಕಾಣುವ ಅಂಕಿಗಳ ಅಬ್ಬರವೆಲ್ಲ ಹುಟ್ಟುವುದು ಆಫ್ ಸ್ಥಿತಿಯ ಈ ಪುಟ್ಟ ಸಂಖ್ಯೆಯಿಂದ, ಆನ್ ಸ್ಥಿತಿಯದರಿಂದಲ್ಲ. ಆದ್ದರಿಂದ ಆಫ್ ಸ್ಥಿತಿಯ ಟ್ಯೂಬುಗಳನ್ನು ನಿಲ್ಲಿಸಿದ ಮೇಲೆ ಸೆಂಟ್ರಿಫ್ಯೂಜ್ ಮಾಡಿ ಚೂರುಗಳನ್ನು ತಳಕ್ಕೆ ಇಳಿಸಿ, ತಿಳಿದ್ರಾವಣದ ಎ420 ಮಾತ್ರ ಓದಿ, 1.75ರ ತಂಟೆಯೇ ಇರುವುದಿಲ್ಲ. ಬಿಡಬ್ಲ್ಯು25113 ಟ್ಯೂಬಿಗೂ ಅಷ್ಟೇ ಹೊತ್ತು ಕೊಟ್ಟು, ಅದರ ಅಂಕಿಯನ್ನು ಹಿನ್ನೆಲೆಯಾಗಿ ಕಳೆಯಿರಿ. ಎಂಜಿ1655ರ ಆಫ್ ಅಂಕಿ ಆ ಹಿನ್ನೆಲೆಗಿಂತ ಸ್ಪಷ್ಟವಾಗಿ ಮೇಲಿದ್ದರೆ ಮಾತ್ರ "ಸೋರಿಕೆ ಇದೆ" ಎನ್ನಿ.

ಒಂದೇ ಫ್ಲಾಸ್ಕಿನಿಂದ ಮೂರು ಟ್ಯೂಬ್ ಮಾಡಿದರೆ ಅದು ನಿಮ್ಮ ಪಿಪೆಟಿಂಗ್ ಎಷ್ಟು ಚೆನ್ನಾಗಿದೆ ಎಂಬುದನ್ನಷ್ಟೇ ಹೇಳುತ್ತದೆ. ಬೇರೆ ಬೇರೆ ಕಾಲೊನಿಯಿಂದ, ಬೇರೆ ಬೇರೆ ದಿನ ಬೆಳೆಸಿದ ಮೂರು ಕಲ್ಚರ್ ಬೇಕು. ಗ್ರಾಫ್ ಲಾಗ್ ಮಾಪನದಲ್ಲಿರಲಿ, ಇಲ್ಲದಿದ್ದರೆ ಆಫ್ ಸ್ಥಿತಿ ಕಣ್ಣಿಗೇ ಬೀಳುವುದಿಲ್ಲ.

## ಹಂತ 4: ಇದು ಟ್ರಾನ್ಸ್‌ಕ್ರಿಪ್ಷನ್ ಎಂದು ಹೇಗೆ ಗೊತ್ತು?

ಇಲ್ಲಿಯವರೆಗೆ ಅಳೆದದ್ದು ಕಿಣ್ವದ ಚಟುವಟಿಕೆ. ಐಪಿಟಿಜಿ ಮೊದಲೇ ಇದ್ದ ಕಿಣ್ವವನ್ನು ಎಬ್ಬಿಸಿರಬಹುದು, ಮೊದಲೇ ಇದ್ದ ಎಂಆರ್‌ಎನ್‌ಎಯ ಅನುವಾದವನ್ನು (ಅದರಿಂದ ಪ್ರೊಟೀನ್ ತಯಾರಾಗುವುದನ್ನು) ಹೆಚ್ಚಿಸಿರಬಹುದು. ಲ್ಯಾಕ್-ಐ ತಳಿಯ ಫಲಿತಾಂಶ ನಿಯಂತ್ರಣಕ್ಕೆ ಆ ಜೀನ್ ಬೇಕು ಎನ್ನುತ್ತದೆಯೇ ಹೊರತು ಯಾವ ಹಂತದಲ್ಲಿ ಎನ್ನುವುದಿಲ್ಲ.

ಅಗ್ಗದ ಉತ್ತರ ರಿಫಾಂಪಿಸಿನ್‌ನಲ್ಲಿದೆ. ಕ್ಷಯಕ್ಕೆ ಕೊಡುವ ಅದೇ ಔಷಧ. ಅದು ಬ್ಯಾಕ್ಟೀರಿಯಾದ ಆರ್‌ಎನ್‌ಎ ಪಾಲಿಮರೇಸಿನ ಬೀಟಾ ಉಪಘಟಕಕ್ಕೆ ಅಂಟಿ, ಹೊಸ ಆರ್‌ಎನ್‌ಎ ಎರಡು-ಮೂರು ಅಕ್ಷರ ದಾಟದಂತೆ ತಡೆಯುತ್ತದೆ. ಆದರೆ ಆಗಲೇ ದೂರ ಸಾಗಿರುವ ಪಾಲಿಮರೇಸನ್ನು ನಿಲ್ಲಿಸುವುದಿಲ್ಲ. ಈ ವಿವರವೇ ನಮ್ಮ ಆಯುಧ.

ಐಪಿಟಿಜಿ ಇಲ್ಲದೆ ಗ್ಲಿಸರಾಲ್‌ನಲ್ಲಿ ಬೆಳೆದ ಎಂಜಿ1655 ಕಲ್ಚರನ್ನು ಮೂರು ಭಾಗ ಮಾಡಿ. ಮೊದಲನೆಯದಕ್ಕೆ ಐಪಿಟಿಜಿ ಮಾತ್ರ. ಎರಡನೆಯದಕ್ಕೆ ಮೊದಲು ಮಿ.ಲೀ.ಗೆ 200 ಮೈಕ್ರೋಗ್ರಾಂ ರಿಫಾಂಪಿಸಿನ್, ಐದು ನಿಮಿಷದ ನಂತರ ಐಪಿಟಿಜಿ. ಮೂರನೆಯದಕ್ಕೆ ಐಪಿಟಿಜಿ ಹಾಕಿ ಐದು ನಿಮಿಷದ ನಂತರ ರಿಫಾಂಪಿಸಿನ್. ನಿಮಿಷಕ್ಕೊಮ್ಮೆ 1 ಮಿ.ಲೀ. ತೆಗೆದು, ಕ್ಲೋರಾಂಫೆನಿಕಾಲ್ ಇರುವ, ಮಂಜುಗಡ್ಡೆಯಲ್ಲಿಟ್ಟ ಟ್ಯೂಬಿಗೆ ಹಾಕಿ. ಅದು ಪ್ರೊಟೀನ್ ತಯಾರಿಕೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ.

ಮೊದಲನೆಯದರಲ್ಲಿ ಕೆಲವೇ ನಿಮಿಷ ಮೌನ, ಆಮೇಲೆ ನೇರ ಏರಿಕೆ. ಆ ಮೌನಕ್ಕೂ ಅರ್ಥವಿದೆ: ಲ್ಯಾಕ್-ಝಡ್ ಮೂರು ಸಾವಿರಕ್ಕಿಂತ ತುಸು ಹೆಚ್ಚು ಅಕ್ಷರ ಉದ್ದ, ಪಾಲಿಮರೇಸ್ ಸೆಕೆಂಡಿಗೆ 40-50 ಅಕ್ಷರ ಸಾಗಿದರೂ ಒಂದು ನಿಮಿಷಕ್ಕೆ ಮೇಲೆ ಬೇಕು. ಎರಡನೆಯದರಲ್ಲಿ ಏನೂ ಬರಬಾರದು. ಇದ್ದ ಕಿಣ್ವವನ್ನೋ ಇದ್ದ ಎಂಆರ್‌ಎನ್‌ಎಯನ್ನೋ ಐಪಿಟಿಜಿ ಎಬ್ಬಿಸುತ್ತಿದ್ದರೆ ರಿಫಾಂಪಿಸಿನ್ ಇದ್ದರೂ ಕಿಣ್ವ ಏರಬೇಕಿತ್ತು. ಮೂರನೆಯದೇ ನನಗೆ ಅತ್ಯಂತ ಇಷ್ಟದ್ದು. ರಿಫಾಂಪಿಸಿನ್ ಹಾಕಿದ ಮೇಲೂ ಕೆಲವು ನಿಮಿಷ ಕಿಣ್ವ ಏರುತ್ತಲೇ ಇದ್ದು, ಆಮೇಲೆ ಚಪ್ಪಟೆಯಾಗುತ್ತದೆ. ದಾರಿಯಲ್ಲಿದ್ದ ಪಾಲಿಮರೇಸ್‌ಗಳು ತಮ್ಮ ಕೆಲಸ ಮುಗಿಸುವುದು, ಆಗಲೇ ಆದ ಎಂಆರ್‌ಎನ್‌ಎ ಅನುವಾದವಾಗುತ್ತಾ ಕೊಳೆಯುವುದು, ಎರಡೂ ಆ ಬಾಗಿದ ಗೆರೆಯಲ್ಲಿ ಕಾಣುತ್ತವೆ.

ಇಲ್ಲೊಂದು ಕುಣಿಕೆಯಿದೆ. ರಿಫಾಂಪಿಸಿನ್ ಕೆಂಪು-ಕಿತ್ತಳೆ ಬಣ್ಣದ್ದು, 420ರಲ್ಲಿ ಚೆನ್ನಾಗಿ ಬೆಳಕು ಹೀರುತ್ತದೆ. ಆ ಬಣ್ಣವನ್ನೇ ಕಿಣ್ವವೆಂದು ಓದಿಬಿಟ್ಟರೆ ಎರಡನೆಯ ಫ್ಲಾಸ್ಕಿನಲ್ಲೂ ಬೀಟಾ-ಗ್ಯಾಲಕ್ಟೋಸಿಡೇಸ್ ಕಾಣುತ್ತದೆ! ಮಾದರಿಗಳನ್ನು ತಣ್ಣಗೆ ಸೆಂಟ್ರಿಫ್ಯೂಜ್ ಮಾಡಿ, ತಣ್ಣನೆಯ ಝಡ್-ಬಫರಿನಲ್ಲಿ ತೊಳೆದು, ಮತ್ತೆ ಅದರಲ್ಲೇ ಕಲಸಿ ಓಡಿ ಓದಿ, ಆಮೇಲೆ ಅಳೆಯಿರಿ. ಓಎನ್‌ಪಿಜಿ ಇಲ್ಲದ ಒಂದು ಟ್ಯೂಬನ್ನೂ ಬ್ಲ್ಯಾಂಕ್ ಆಗಿ ಇಟ್ಟುಕೊಳ್ಳಿ.

## ಹಂತ 5: ಎಂಆರ್‌ಎನ್‌ಎಯನ್ನೇ ಎಣಿಸುವುದು

ಕ್ಯೂ-ಪಿಸಿಆರ್ ಯಂತ್ರ (ನಿರ್ದಿಷ್ಟ ಡಿಎನ್‌ಎ ಎಷ್ಟಿದೆ ಎಂದು ಅಳೆಯುವಂಥದ್ದು) ಇರುವವರಿಗೆ ಮಾತ್ರ. ಲ್ಯಾಕ್ ಎಂಆರ್‌ಎನ್‌ಎಯ ಅರ್ಧಾಯುಷ್ಯ ಒಂದೆರಡು ನಿಮಿಷವಷ್ಟೇ, ಆದ್ದರಿಂದ ಕಲ್ಚರನ್ನು ಸೆಂಟ್ರಿಫ್ಯೂಜ್ ಮಾಡುತ್ತಾ ಕೂತರೆ ಅಳೆಯುವುದೇನೂ ಉಳಿಯುವುದಿಲ್ಲ. ಫ್ಲಾಸ್ಕಿನಿಂದ ತೆಗೆದ ತಕ್ಷಣ, ಐದು ಶೇಕಡ ಫೀನಾಲ್ ಬೆರೆಸಿದ ತಣ್ಣನೆಯ ಈಥನಾಲನ್ನು ಕಲ್ಚರಿನ ಐದನೇ ಒಂದರಷ್ಟು ಸೇರಿಸಿ. ಆರ್‌ಎನ್‌ಎ ತೆಗೆದು, ಡಿಎನ್‌ಏಸ್ ಹಾಕಿ, 260/280ರ ಅನುಪಾತ 2.0ರ ಹತ್ತಿರ ಇದೆಯೇ ನೋಡಿ.

ಸಿಡಿಎನ್‌ಎ (ಎಂಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡಲು ರ‍್ಯಾಂಡಮ್ ಹೆಕ್ಸಾಮರ್ ಬಳಸಿ. ಕಿಟ್ ಜೊತೆ ಬರುವ ಓಲಿಗೋ-ಡಿಟಿ ಪ್ರೈಮರ್ ಮಾನವ ಜೀವಕೋಶಕ್ಕೆ ಸರಿ, ಬ್ಯಾಕ್ಟೀರಿಯಾದ ಎಂಆರ್‌ಎನ್‌ಎಗೆ ಅಂಥ ಉದ್ದನೆಯ ಎ-ಬಾಲ ಇರುವುದಿಲ್ಲ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬ್ ಪ್ರತಿ ಮಾದರಿಗೂ ಬೇಕು. ಬ್ಯಾಕ್ಟೀರಿಯಾದ ಜೀನ್‌ನಲ್ಲಿ ಇಂಟ್ರಾನ್ ಇಲ್ಲದ ಕಾರಣ ಉಳಿದ ಡಿಎನ್‌ಎಗೂ ಎಂಆರ್‌ಎನ್‌ಎಗೂ ವ್ಯತ್ಯಾಸ ತೋರಿಸುವ ಪ್ರೈಮರ್ ಮಾಡಲು ಬರುವುದಿಲ್ಲ. ಆಫ್ ಸ್ಥಿತಿಯ ಮಾದರಿಯಲ್ಲಿ ಈ ಟ್ಯೂಬೇ ನಿಜ ಹೇಳುವುದು.

ಲೆಕ್ಕ ಸರಳ. ಲ್ಯಾಕ್-ಝಡ್‌ನ ಸಿಟಿ (ಸಂಕೇತ ಕಾಣಿಸಿಕೊಳ್ಳಲು ಬೇಕಾದ ಪಿಸಿಆರ್ ಸುತ್ತುಗಳ ಸಂಖ್ಯೆ) ಐಪಿಟಿಜಿ ಇಲ್ಲದಾಗ 27.5, ಇದ್ದಾಗ 18.0, ಹೋಲಿಕೆಯ ಜೀನ್ ಎರಡರಲ್ಲೂ 21.0 ಎಂದಿದ್ದರೆ ವ್ಯತ್ಯಾಸ 9.5 ಸುತ್ತು, ಅಂದರೆ ಎರಡರ 9.5ನೇ ಘಾತ, ಸುಮಾರು 724 ಪಟ್ಟು. ಇದು ಹಿಡಿಯುವುದು ಪ್ರತಿ ಸುತ್ತಿನಲ್ಲೂ ಡಿಎನ್‌ಎ ಸರಿಯಾಗಿ ದುಪ್ಪಟ್ಟಾಗುತ್ತಿದ್ದರೆ ಮಾತ್ರ, ಅದಕ್ಕಾಗಿ ಹತ್ತು ಹತ್ತು ಪಟ್ಟು ತೆಳು ಮಾಡಿದ ಸರಣಿಯಲ್ಲಿ ಮೊದಲೇ ಪರೀಕ್ಷಿಸಿ. ಎಂಆರ್‌ಎನ್‌ಎ ಹೆಚ್ಚಾಗಿದೆ ಎಂದರೆ ತಯಾರಿ ಹೆಚ್ಚಿತೋ, ಕೊಳೆಯುವುದು ತಗ್ಗಿತೋ ಎಂಬ ಪ್ರಶ್ನೆ ಇನ್ನೂ ಉಳಿಯುತ್ತದೆ. ಅದನ್ನು ಬಿಡಿಸಲು ಮತ್ತೆ ರಿಫಾಂಪಿಸಿನ್ ಹಾಕಿ, ಎರಡೂ ಸ್ಥಿತಿಯಲ್ಲಿ ಎಂಆರ್‌ಎನ್‌ಎ ಇಳಿಯುವ ವೇಗ ಒಂದೇ ಇದೆಯೇ ನೋಡಬೇಕು.

## ಅರೆಬರೆ ಐಪಿಟಿಜಿ ಮತ್ತು ಸರಾಸರಿಯ ಮೋಸ

ಐಪಿಟಿಜಿಯನ್ನು 0, 10, 50, 100, 500 ಮೈಕ್ರೋಮೋಲಾರ್ ಹೀಗೆ ಏರಿಸಿ ಗ್ರಾಫ್ ಬರೆಯುವುದು ಎಲ್ಲರಿಗೂ ತೋಚುವ ಮುಂದಿನ ಪ್ರಯೋಗ. ಮಾಡಿ, ಆದರೆ ಅರ್ಧ ಎತ್ತರದ ಬಿಂದುವನ್ನು "ಪ್ರತಿ ಜೀವಕೋಶವೂ ಅರ್ಧ ಆನ್" ಎಂದು ಓದಬೇಡಿ. 1957ರಲ್ಲೇ ನೋವಿಕ್ ಮತ್ತು ವೀನರ್ ಬೇರೊಂದು ಇಂಡ್ಯೂಸರ್ ಬಳಸಿ ತೋರಿಸಿದಂತೆ, ಕಡಿಮೆ ಪ್ರಮಾಣದಲ್ಲಿ ಕೆಲವು ಕೋಶಗಳು ಪೂರ್ತಿ ಆನ್, ಉಳಿದವು ಪೂರ್ತಿ ಆಫ್ ಇರಬಹುದು. ಒಮ್ಮೆ ಆನ್ ಆದ ಕೋಶ ಪರ್ಮಿಯೇಸ್ ಮಾಡಿಕೊಂಡು ಇನ್ನಷ್ಟು ಇಂಡ್ಯೂಸರನ್ನು ಒಳಗೆಳೆಯುತ್ತದೆ, ಆನ್ ಆಗಿಯೇ ಉಳಿಯುತ್ತದೆ. ಟ್ಯೂಬಿನಲ್ಲಿ ಕಾಣುವುದು ಇವೆಲ್ಲದರ ಸರಾಸರಿ. ಲ್ಯಾಕ್-ವೈ ಇಲ್ಲದ ತಳಿಯಲ್ಲಿ ಈ ಹಿಮ್ಮಾಹಿತಿ ಕಡಿಯುವುದರಿಂದ ಅಲ್ಲಿ ಗ್ರಾಫ್ ಹೆಚ್ಚು ನಂಬಿಕೆಗೆ ಅರ್ಹ. ಕೋಶ ಕೋಶವನ್ನೂ ನೋಡಬೇಕೆಂದರೆ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೊಟೀನ್) ಮತ್ತು ಫ್ಲೋ ಸೈಟೋಮೀಟರ್ (ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ಬೇಕು.

## ನಿಮ್ಮದೇ ಜೀನ್‌ಗೆ ಇದನ್ನು ಹೊಂದಿಸುವುದು

ಲ್ಯಾಕ್-ಝಡ್‌ನ ದೊಡ್ಡ ಉಪಯೋಗ ಲ್ಯಾಕ್ ಆಪೆರಾನಿನಾಚೆಗಿದೆ. ನಿಮಗೆ ಆಸಕ್ತಿಯಿರುವ ಯಾವುದೇ ಬ್ಯಾಕ್ಟೀರಿಯಲ್ ಪ್ರಮೋಟರನ್ನು, ಲ್ಯಾಕ್ ಪ್ರಮೋಟರ್ ತೆಗೆದ ಲ್ಯಾಕ್-ಝಡ್‌ನ ಮುಂದೆ ಕೂರಿಸಿದರೆ, ಅದೇ ಹಳದಿ ಬಣ್ಣ ಈಗ ನಿಮ್ಮ ಪ್ರಮೋಟರಿನ ವರದಿ ಕೊಡುತ್ತದೆ. ಲ್ಯಾಕ್-ಝಡ್‌ಗೆ ಅದರದೇ ರೈಬೋಸೋಮ್ ಹಿಡಿಯುವ ತಾಣ ಉಳಿಸಿದರೆ ಅದು ಟ್ರಾನ್ಸ್‌ಕ್ರಿಪ್ಷನ್ ಜೋಡಣೆ. ನಿಮ್ಮ ಜೀನ್‌ನ ಮೊದಲ ಕೆಲವು ಅಮೈನೋ ಆಮ್ಲಗಳನ್ನೂ ಸೇರಿಸಿ ಜೋಡಿಸಿದರೆ ಅನುವಾದದ ನಿಯಂತ್ರಣವೂ ಒಳಗೊಳ್ಳುತ್ತದೆ. ಎರಡನ್ನೂ ಮಾಡಿ ಹೋಲಿಸಿದರೆ ನಿಯಂತ್ರಣ ಎಲ್ಲಿದೆ ಎಂಬುದಕ್ಕೆ ಒಳ್ಳೆಯ ಸುಳಿವು ಸಿಗುತ್ತದೆ. ಇದಕ್ಕೆ ಬಳಸುವ ತಳಿಯಲ್ಲಿ ಸ್ವಂತ ಲ್ಯಾಕ್-ಝಡ್ ಇರಬಾರದು, ಬಿಡಬ್ಲ್ಯು25113 ಇಲ್ಲಿ ಮತ್ತೆ ಕೈಗೆ ಬರುತ್ತದೆ.

ಜೋಡಣೆಯನ್ನು ಪ್ಲಾಸ್ಮಿಡ್‌ನಲ್ಲಿ ಇಡುವ ಆಸೆ ಬರುತ್ತದೆ, ಬಣ್ಣ ಬೇಗ ಬರುತ್ತದೆ ಎಂದು. ಹೆಚ್ಚು ಪ್ರತಿಗಳಿರುವ ಪ್ಲಾಸ್ಮಿಡ್‌ನಲ್ಲಿ ಆಪರೇಟರುಗಳೂ ಅಷ್ಟೇ ಸಂಖ್ಯೆಯಲ್ಲಿ ಇರುತ್ತವೆ. ಜೀವಕೋಶದಲ್ಲಿ ರಿಪ್ರೆಸರ್ ಹತ್ತೇ ಇದ್ದರೆ ನೂರಾರು ಆಪರೇಟರುಗಳಿಗೆ ಅವು ಸಾಲುವುದೆಲ್ಲಿ? ನಿಯಂತ್ರಣವೇ ಇಲ್ಲವೆಂಬಂತೆ ಕಾಣುತ್ತದೆ. ಜೋಡಣೆಯನ್ನು ಕ್ರೋಮೋಸೋಮಿನಲ್ಲಿ ಒಂದೇ ಪ್ರತಿಯಾಗಿ ಕೂರಿಸಿ. ಅದಕ್ಕೆ ಎರಡು ವಾರ ಹೆಚ್ಚು ಹಿಡಿಯಬಹುದು. ಆದರೆ ಆಮೇಲೆ ಬರುವ ಮಿಲ್ಲರ್ ಯೂನಿಟ್‌ಗಳನ್ನು ಎಂಜಿ1655ರ ಸಾವಿರದ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಬಹುದು, ಲ್ಯಾಕ್-ಝಡ್‌ನ ರೈಬೋಸೋಮ್ ತಾಣ ಅದೇ ಇದ್ದರೆ.